ಮೇಲ್ಸೇತುವೆಯ ಏರು

ನಮ್ಮೂರಿನ ಮಿಲಿಟರಿ ಕ್ಯಾಂಪಿನಿಂದ ಹಿಂದವಾಡಿ ಬಡಾವಣೆಗೆ ಸೈಕಲ್ಲಿನಲ್ಲಿ ಬರುವವರಿಗೆಲ್ಲ ರೈಲ್ವೆ ಮೇಲ್ಸೇತುವೆಯ ಏರು ಗೊತ್ತು. ಅರ್ಧದವರೆಗೆ ತುಳಿಯುತ್ತಾರೆ, ಆಮೇಲೆ ಇಳಿದು ತಳ್ಳಿಕೊಂಡು ನಡೆಯುತ್ತಾರೆ. ನಾನು ಇಳಿಯುವವಳಲ್ಲ. ನಲವತ್ತು ದಾಟಿದರೂ ನನ್ನ ಕಾಲಲ್ಲಿ ಕಸುವಿದೆ. ಬಾಯಲ್ಲಿರುವಷ್ಟೇ ಕಾಲಲ್ಲೂ ಇದೆ ಎಂದು ಅತ್ತಿಗೆ ಆಡಿಕೊಳ್ಳುತ್ತಾಳೆ. ಆದರೂ ಎರಡು ವರ್ಷ ನಾನು ಆ ಏರಿನಲ್ಲಿ ದಿನಾ ಸಂಜೆ ಇಳಿದೆ. ಗಜಾನನ ಟೇಲರ್ ಇಳಿಯುತ್ತಿದ್ದರಲ್ಲ, ಅದಕ್ಕೆ.

ಪರಿಚಯದವರು ಸೈಕಲ್ ತಳ್ಳಿಕೊಂಡು ಹೋಗುತ್ತಿರುವಾಗ ಅವರ ಪಕ್ಕದಲ್ಲೇ ತುಳಿದುಕೊಂಡು ಮುಂದೆ ಹೋಗುವುದು ನಮ್ಮ ಕಡೆ ಮರ್ಯಾದೆಯಲ್ಲ. ಬೇರೆ ಯಾವ ಮರ್ಯಾದೆಯನ್ನೂ ನಾನು ಇಷ್ಟು ಖುಷಿಯಿಂದ ಪಾಲಿಸಿದವಳಲ್ಲ.

ನನ್ನ ಮನೆ ಹಿಂದವಾಡಿಯಲ್ಲಿ, ಕೆಲಸ ಕ್ಯಾಂಪಿನ ಒಂದು ಕನ್ನಡಕದ ಅಂಗಡಿಯಲ್ಲಿ. ಅವರು ಅದೇ ಸಾಲಿನಲ್ಲಿ ಮಿಲಿಟರಿಯವರ ಯೂನಿಫಾರ್ಮ್ ಹೊಲಿಯುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಮಗಳು ಸಮೃದ್ಧಿಯನ್ನು ಖಾನಾಪುರದ ಆಚೆಯ ಹಳ್ಳಿಯಲ್ಲಿ ತಮ್ಮ ತಾಯಿಯ ಹತ್ತಿರ ಬಿಟ್ಟು, ಹಿಂದವಾಡಿಯಲ್ಲಿ ಒಂದು ಬಾಡಿಗೆ ಖೋಲಿ ಹಿಡಿದಿದ್ದರು. ಊರಿಗೆ ಹೋಗುವುದು ರವಿವಾರ ಮಾತ್ರ. ಅಂಗಡಿ ಮುಚ್ಚಿದ ಮೇಲೆ ಖಾನಾಪುರದ ಬಸ್ಸು ಸಿಕ್ಕರೂ ಅಲ್ಲಿಂದ ಅವರ ಹಳ್ಳಿಗೆ ಏನೂ ಸಿಗುವುದಿಲ್ಲ.

ಮೊದಲ ದಿನ ಆ ಏರಿನಲ್ಲಿ ನನ್ನ ಸೈಕಲ್ಲಿನ ಚೈನು ಕಳಚಿತ್ತು, ತಳ್ಳಿಕೊಂಡು ಏದುಸಿರು ಬಿಡುತ್ತಿದ್ದೆ. ಹಿಂದೆ ಬರುತ್ತಿದ್ದ ಅವರು ಮೊಣಕಾಲೂರಿ ಕೂತು ಅದನ್ನು ಹಾಕಿಕೊಟ್ಟರು, ಉಳಿದ ದಾರಿಯನ್ನು ಜೊತೆಗೇ ನಡೆದೆವು. ಚೈನು ಹಾಕಿ ಎದ್ದಾಗ ಮೊಣಕಾಲು ತಿಕ್ಕಿಕೊಂಡಿದ್ದರು. ದಿನವಿಡೀ ಮಷೀನು ತುಳಿಯುವ ಮನುಷ್ಯ, ಪಾಪ, ಕಾಲು ನೋಯುತ್ತಿರಬೇಕು ಎಂದುಕೊಂಡೆ. ಮರುದಿನ ಅದೇ ಜಾಗದಲ್ಲಿ ಅವರು ಇಳಿದರು, ನಾನೂ ಇಳಿದೆ. ಅಂದಿನಿಂದ ಅದೇ ರೂಢಿಯಾಯಿತು.

ಏನು ಮಾತಾಡುತ್ತಿದ್ದೆವು ಎಂದರೆ, ಮಣ್ಣು ಮಸಿ. ಯಾವ ಸುಬೇದಾರರ ಹೊಟ್ಟೆ ಎಷ್ಟು ಬೆಳೆದಿದೆ ಎಂದು ಅವರು ಹೇಳುವುದು, ಹೊಸ ಕನ್ನಡಕ ಹಾಕಿಕೊಂಡ ಯಾವ ಅಜ್ಜಿ ಸೊಸೆಯ ಮುಖ ಸರಿಯಾಗಿ ನೋಡಿ ಬೇಸರಪಟ್ಟಳು ಎಂದು ನಾನು ಹೇಳುವುದು. ಸೇತುವೆಯ ನೆತ್ತಿಗೆ ಬಂದರೆ ಮಾತು ಮುಗಿದಂತೆ. ಇಳಿಜಾರಿನಲ್ಲಿ ಸೈಕಲ್ಲು ತಾನಾಗಿ ಓಡುತ್ತದೆ, ಗಾಳಿಯಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ರವಿವಾರ ಬಂತೆಂದರೆ ನನಗೆ ವಿನಾಕಾರಣ ಸಿಟ್ಟು. ಸೋಮವಾರದ ಆ ಏರಿಗಾಗಿ ಜೀವ ಹಾತೊರೆಯುತ್ತಿತ್ತು. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಈ ಸಲದ ಮಳೆಗಾಲ ಮುಗಿಯುವಾಗ ಅವರ ಸೈಕಲ್ಲಿನ ಫ್ರೇಮು ತುಕ್ಕು ಹಿಡಿದು ಮುರಿಯಿತು. ಬೈಕು, ಸ್ಕೂಟರು ಎಂದರೆ ಅವರಿಗೆ ಮೊದಲಿಂದಲೂ ಹೆದರಿಕೆ. ಅಂಗಡಿಯಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಸಾದಾ ಸೈಕಲ್ಲೇ ಸಾಕು ಎಂದು ಒಬ್ಬರು, ಬ್ಯಾಟರಿ ಸೈಕಲ್ ತಗೋ ಎಂದು ಇನ್ನೊಬ್ಬರು. ಸೈಕಲ್ ರಿಪೇರಿಯ ಮಾಯಪ್ಪನಂತೂ ಪೆಟ್ರೋಲ್ ಇಂಜಿನ್ ಕೂರಿಸಿದ ಸೈಕಲ್ಲೊಂದನ್ನು ತೋರಿಸಿ, ಇದಿದ್ದರೆ ದಿನಾ ಊರಿಗೆ ಹೋಗಿ ಬರಬಹುದು ಎಂದು ತಲೆ ತಿಂದಿದ್ದ. ಬ್ಯಾಟರಿಯದ್ದು ಅಷ್ಟು ದೂರ ಹೋಗಿ ಬರಲಾರದು.

ಎರವಲು ಸೈಕಲ್ ತಳ್ಳಿಕೊಂಡು ಏರು ಹತ್ತುತ್ತಾ ಅವರು ನನ್ನನ್ನೇ ಕೇಳಿದರು.

“ಮೂರರಾಗ ಯಾವ್ದು ತಗೊಳ್ಲಿ? ನೀವ ಹೇಳ್ರಿ.”

ಅವರಿಗೆ ಅದು ಸೈಕಲ್ಲಿನ ಪ್ರಶ್ನೆ. ನನಗೋ, ಸಾದಾ ಸೈಕಲ್ ಎಂದರೆ ನನ್ನ ಜೊತೆ ನಡೆಯುವ ಗಜಾನನ. ಬ್ಯಾಟರಿ ಎಂದರೆ ಇಳಿಯದೆ ಸೇತುವೆ ದಾಟಿ ಹೋಗುವ ಗಜಾನನ. ಪೆಟ್ರೋಲು ಎಂದರೆ ಅವರು ಹಿಂದವಾಡಿಯಲ್ಲೇ ಇರುವುದಿಲ್ಲ. ಕಾಡಿನ ರಸ್ತೆಯಲ್ಲಿ ಕತ್ತಲಾಗುವ ಮೊದಲು ಊರು ಸೇರಬೇಕು, ಸಂಜೆ ನನಗಿಂತ ಬಹಳ ಮೊದಲೇ ಹೊರಡಬೇಕು.

ಎರಡು ದಿನ ಉತ್ತರ ಹೇಳದೆ ಸತಾಯಿಸಿದೆ. ಸಾದಾದ್ದೇ ತಗೊಳ್ಳಿ ಎನ್ನುವ ಮಾತು ತುದಿನಾಲಿಗೆಗೆ ಬಂದಿತ್ತು. ಅಷ್ಟರಲ್ಲಿ ಏರಿನಲ್ಲೇ ಅವರಿಗೆ ಮಗಳ ಫೋನು ಬಂತು. ಅಪ್ಪಾ, ಇವತ್ತು ಬರುತ್ತೀಯಾ ಎಂದು ಆ ಹುಡುಗಿ ದಿನಾ ಕೇಳುತ್ತಾಳಂತೆ, ಬರುವುದಿಲ್ಲವೆಂದು ಗೊತ್ತಿದ್ದರೂ ಕೇಳುತ್ತಾಳಂತೆ. ಫೋನು ಇಟ್ಟು ಅವರು ಬಗ್ಗಿ ಮತ್ತೆ ಮೊಣಕಾಲು ತಿಕ್ಕಿಕೊಂಡರು. ನನಗೆ ನನ್ನ ಮೇಲೇ ಸಿಟ್ಟು ಬಂತು.

“ಪೆಟ್ರೋಲಿಂದ ತಗೋರಿ. ಮಗಳಿಗೂ ಚಲೋ, ನಿಮಗೂ ಈ ಏರಿನ ಕಾಟ ತಪ್ಪತೈತಿ.”

ಅವರು ನೆತ್ತಿಯವರೆಗೂ ಹ್ಯಾಂಡಲ್ ನೋಡುತ್ತಲೇ ಸೈಕಲ್ ತಳ್ಳಿದರು. ಆಮೇಲೆ ಹಂಗ ಆಗಲಿ ಎಂದರು.

ಶನಿವಾರ ಸಂಜೆ ಹೊಸ ಪೆಟ್ರೋಲ್ ಸೈಕಲ್ಲು ಅವರ ಅಂಗಡಿಯ ಮುಂದೆ ನಿಂತಿತ್ತು. ಖೋಲಿ ಖಾಲಿ ಮಾಡಿ, ಗಂಟು ಹಿಂದೆ ಕಟ್ಟಿಕೊಂಡಿದ್ದರು. ಸೋಮವಾರದಿಂದ ಬೇಗ ಬಿಡಲು ಅಂಗಡಿ ಮಾಲೀಕರು ಒಪ್ಪಿದ್ದರು. ಅಪ್ಪ ಇನ್ನು ದಿನಾ ಬರುತ್ತಾನೆಂದು ಸಮೃದ್ಧಿ ಓಣಿಗೆಲ್ಲ ಸಾರಿ ಬಂದಿದ್ದಳಂತೆ.

ಇಬ್ಬರೂ ಜೊತೆಗೇ ಹೊರಟೆವು, ಏರು ಬಂತು. ನಾನು ಇಳಿದೆ. ಅವರು ಇಂಜಿನ್ ಬಂದ್ ಮಾಡಿ ತಾವೂ ಇಳಿದು, ಆ ಭಾರದ ಸೈಕಲ್ಲನ್ನು ತಳ್ಳತೊಡಗಿದರು. ನನಗೆ ತಡೆಯಲಿಲ್ಲ. ಇಂಜಿನ್ ಇಟ್ಟುಕೊಂಡು ಇದೇನು ಹಟ, ತಿಕ್ಕಿಕೊಳ್ಳುವ ಆ ಮೊಣಕಾಲಿನ ಗತಿ ಏನಾಗಬೇಕು ಎಂದು ಗದರಿದೆ.

“ಮೊಣಕಾಲಿಗೆ ಏನಾಗೈತ್ರಿ?” ಅವರು ಆಶ್ಚರ್ಯದಿಂದ ಕೇಳಿದರು. “ನನಗೆಂದೂ ನೋವಾಗಿಲ್ರಿ. ಧೂಳೋ ದಾರಾನೋ ಅಂಟಿದ್ರ ತಿಕ್ಕಿ ತಗೀತೀನಷ್ಟ.”

“ಮತ್ತ ದಿನಾ ಯಾಕ ಇಳೀತಿದ್ರಿ?”

“ನಿಮಗ ಏರು ಆಗೂದಿಲ್ಲಲ್ರಿ. ನಿಮ್ಮನ್ನ ಬಿಟ್ಟು ಹೆಂಗ ಹೋಗ್ಲಿ?” ಸ್ವಲ್ಪ ದೂರ ಹೋದ ಮೇಲೆ ನನ್ನ ಮುಖ ನೋಡದೆ ಹೇಳಿದರು, “ಆಮ್ಯಾಲ ಅದ ಒಂದು ನೆವ ಆತು ನನಗ. ನೀವು ಪೆಟ್ರೋಲಿಂದು ಅಂದಾಗ, ನನ್ನ ಜೋಡಿ ನಡದು ಇವರಿಗೆ ಬ್ಯಾಸರಾಗೈತಿ ಅನಕೊಂಡೆ.”

ನಾನು ಸೈಕಲ್ ತಳ್ಳುತ್ತಲೇ ಇದ್ದೆ. ನೆತ್ತಿ ಮುಟ್ಟುವ ಹೊತ್ತಿಗೆ ಹೇಗೋ ಹೇಳಿದೆ.

“ನನಗ ಏರು ಆಗತೈತ್ರಿ. ಮೊದಲಿಂದನೂ ಆಗತಿತ್ತು.”

ಅವರಿಗೆ ತಿಳಿಯಿತು. ಸೈಕಲ್ ನಿಲ್ಲಿಸಿ ಏನೋ ಹೇಳಲು ಬಾಯಿ ತೆರೆದರು. ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದ. ಬೆಳಕು ಇಳಿಯುತ್ತಿತ್ತು, ಅಲ್ಲಿ ಹುಡುಗಿ ಬಾಗಿಲಲ್ಲಿ ನಿಂತಿರುತ್ತಾಳೆ. ಹೊರಡಿ ಎಂದು ನಾನೇ ಹೇಳಿದೆ. ಅವರು ಇಂಜಿನ್ ಶುರು ಮಾಡಿ ಖಾನಾಪುರದ ರಸ್ತೆ ಹಿಡಿದರು.

ಸೋಮವಾರ ಸಂಜೆ ನಾನು ಆ ಏರಿನಲ್ಲಿ ಇಳಿಯಲಿಲ್ಲ, ತುಳಿದೆ. ಎಷ್ಟು ಬೇಗ ಮುಗಿದುಹೋಯಿತು.