ಇನ್ನಾಸಪ್ಪನ ಉಪವಾಸ

ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಸರಿದ ಸದ್ದಾಯಿತು. ಬೆಕ್ಕು ಸರಿಸಿದ್ದರೆ ಮುಚ್ಚಳ ಕೆಳಗೆ ಬೀಳಬೇಕಿತ್ತು, ಇದು ಬೀಳಲಿಲ್ಲ. ಯಾರೋ ಅದನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ನೆಲದ ಮೇಲಿಟ್ಟರು. ನನಗೆ ಭಯವಾದದ್ದು ಆ ಜೋಪಾನಕ್ಕೆ. ಪಕ್ಕದಲ್ಲಿ ಅಮ್ಮನಿಗೆ ಗಾಢ ನಿದ್ದೆ. ನಾನು ಗೋಡೆ ಹಿಡಿದುಕೊಂಡು ಹೋಗಿ ನೋಡಿದರೆ, ಅಣ್ಣ ಇನ್ನಾಸಪ್ಪ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕತ್ತಲಲ್ಲೇ ರಾತ್ರಿಯ ಮುದ್ದೆ ಮುರಿದು ತಿನ್ನುತ್ತಿದ್ದ.

"ಕುಡಿದು ಬಂದ್ಯಾ?" ಎಂದೆ. ಅವನು ಕುಡಿತ ಬಿಟ್ಟು ಎರಡು ತಿಂಗಳಾಗಿದ್ದರೂ, ಅಪರಾತ್ರಿಯಲ್ಲಿ ಅವನನ್ನು ಕಂಡರೆ ಬಾಯಿಗೆ ಮೊದಲು ಬರುತ್ತಿದ್ದದ್ದೇ ಆ ಮಾತು.

"ಕುಡಿದೋನು ಮುಚ್ಚಳ ಇಷ್ಟು ನಾಜೂಕಾಗಿ ಇಡ್ತಾನೇನೆ? ಹೋಗಿ ಮಲಕ್ಕೋ. ಬೆಳಕು ಹರಿಯೋದ್ರೊಳಗೆ ನಾನು ತಿಂದು ಮುಗಿಸ್ಬೇಕು."

"ಯಾಕೆ?"

"ರಂಜಾನ್ ತಿಂಗಳು. ಇನ್ನು ಸಂಜೇವರೆಗೂ ನೀರೂ ಕುಡಿಯೋ ಹಾಗಿಲ್ಲ."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಅವನು ದನಿ ತಗ್ಗಿಸಿ ಎಲ್ಲ ಹೇಳಿದ. ಕ್ರಿಸ್‌ಮಸ್ಸಿಗೆ ಮುಂಚೆಯೇ ಯಶವಂತಪುರದ ಒಂದು ಮಸೀದಿಯಲ್ಲಿ, ಕಾರ್ಖಾನೆಯ ಜೊತೆಗಾರ ಖಾದರ್ ಬಾಷಾನ ಎದುರಿಗೆ, ಕಲ್ಮಾ ಓದಿ ಮುಸ್ಲಿಮನಾಗಿದ್ದ. ಹೆಸರು ಇಲ್ಯಾಸ್ ಎಂದು ಇಟ್ಟುಕೊಂಡಿದ್ದ. ಬೇರೆ ಪಾಳಿಗೆ ವರ್ಗವಾಯಿತು ಎನ್ನುವಷ್ಟೇ ಸರಾಗವಾಗಿ ಹೇಳಿದ.

"ಹುಡುಗಿ ಯಾರು?" ಎಂದೆ.

"ಹುಡುಗಿ ಇದ್ದಿದ್ರೆ ನಿಂಗೆ ಸಮಾಧಾನ ಆಗ್ತಿತ್ತಾ?"

"ಅರ್ಥ ಆಗ್ತಿತ್ತು."

ಅವನು ಕೈ ತೊಳೆದುಕೊಂಡು ನಕ್ಕ. "ಬಿ.ಎ. ಓದಿರೋಳು ನೀನು. ನಿಂಗೇ ಅರ್ಥ ಆಗಲ್ಲ ಅಂದ್ರೆ ಅಮ್ಮಂಗೆ ಹೇಗೆ ಹೇಳ್ಲೇ?"

ಅಪ್ಪ ತೀರಿಕೊಂಡ ಮೇಲೆ ಮತ್ತಿಕೆರೆಯ ಆ ಹೆಂಚಿನ ಮನೆಯಲ್ಲಿ ನಾವು ಮೂವರೇ. ನಾನು ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಅಣ್ಣ ಕುಡಿತದಿಂದ ಎರಡು ಕೆಲಸ ಕಳೆದುಕೊಂಡು, ಯಾರದೋ ದಯೆಯಿಂದ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸ ಹಿಡಿದಿದ್ದ. ಅಮ್ಮ ಅವನಿಗಾಗಿ ಮಾತೆ ಮರಿಯಮ್ಮನಿಗೆ ಹಚ್ಚಿದ ಮೇಣದಬತ್ತಿಗಳ ಮೇಣ ನಮ್ಮ ಮನೆಯ ಗೋಡೆಗೂಡಿನಲ್ಲಿ ಗಟ್ಟಿಕಟ್ಟಿಹೋಗಿತ್ತು. ಅವಳು ಕೇಳಿದ್ದು ಇಷ್ಟೇ: ಮಗ ಕುಡಿಯುವುದು ಬಿಡಲಿ, ಹೊತ್ತಿಗೆ ಸರಿಯಾಗಿ ಏಳಲಿ, ದೇವರಲ್ಲಿ ಭಯಭಕ್ತಿ ಇಟ್ಟುಕೊಳ್ಳಲಿ. ಮೂರೂ ಆಗಿದ್ದವು. ಎಲ್ಲಿ ಆಗಬೇಕೆಂದು ಅವಳು ಪ್ರಾರ್ಥನೆಯಲ್ಲಿ ಬಿಡಿಸಿ ಹೇಳಿರಲಿಲ್ಲ.

"ಮೊದ್ಲು ದಿನ ಅನ್ನೋದು ಗಂಟಿಲ್ಲದ ಹಗ್ಗದ ಹಾಗೆ ಜಾರ್ತಿತ್ತು, ರೀತಾ," ಎಂದು ಅವನು ಇನ್ನೊಂದು ರಾತ್ರಿ ಹೇಳಿದ. "ಈಗ ಐದು ಹೊತ್ತಿನ ನಮಾಜು, ಐದು ಕಡೆ ಗಂಟು. ಹಿಡ್ಕೊಂಡು ಸಂಜೆ ಮುಟ್ತೀನಿ. ನಾನು ಯಾಕಿದೀನಿ ಅಂತ ಈಗ ಗೊತ್ತು."

ಕುಡಿಯುತ್ತಿದ್ದಾಗ ಸದಾ ನಡುಗುತ್ತಿದ್ದ ಅವನ ಕೈ ಆ ಮಾತು ಹೇಳುವಾಗ ನಿಶ್ಚಲವಾಗಿತ್ತು. ನಾನು ಧರ್ಮದ ಬಗ್ಗೆ ಯೋಚಿಸುವ ಬದಲು ಆ ಕೈಯನ್ನೇ ನೋಡುತ್ತಿದ್ದೆ. ಇದು ಬಯಲಾದರೆ ಊರು, ಚರ್ಚು, ನೆಂಟರು ಎಲ್ಲ ಸೇರಿ ಅವನನ್ನು ಎಳೆದಾಡುತ್ತಾರೆ. ಆ ಎಳೆದಾಟದಲ್ಲಿ ಅವನು ಮತ್ತೆ ಹಳೆಯ ಇನ್ನಾಸಪ್ಪನೇ ಆಗಿಬಿಟ್ಟರೆ? ನನ್ನ ಭಯ ಅದೊಂದೇ.

ಅರವತ್ತೊಂದನೇ ಇಸವಿಯ ಆ ಫೆಬ್ರವರಿಯಲ್ಲಿ ನಮ್ಮ ಬೂದಿ ಬುಧವಾರವೂ ರಂಜಾನಿನ ಚಂದ್ರನೂ ಒಂದೇ ವಾರ ಬಂದಿದ್ದವು. ಆ ಬುಧವಾರದಿಂದ ಈಸ್ಟರ್‌ವರೆಗೆ, ನಮ್ಮ ತಪಸ್ಸುಕಾಲದ ನಲವತ್ತು ದಿನ ಮಾಂಸ ಬಿಡುವುದು, ಒಂದು ಹೊತ್ತು ಕಮ್ಮಿ ಉಣ್ಣುವುದು ವಾಡಿಕೆ. ಮಗ ಬೆಳಿಗ್ಗೆ ಕಾಫಿಯನ್ನೂ ಮುಟ್ಟದೆ ಸೈಕಲ್ ಏರುವುದನ್ನು ಅಮ್ಮ ಎರಡು ದಿನ ಕಂಡಳು. ಮೂರನೆಯ ದಿನ ಅವಳ ಮುಖದಲ್ಲಿ ಬೆಳಕು ಮೂಡಿತು.

"ನೀರೂ ಇಲ್ಲ ಕಣೇ, ರೀತಾ! ನಿಮ್ಮಪ್ಪನ ಕಾಲದಲ್ಲೂ ಇಂಗೆ ತಪಸ್ಸು ಮಾಡಿದೋರ್ನ ನಾನು ಕಾಣೆ."

ಆರೋಗ್ಯಮ್ಮ ಎನ್ನುವ ನನ್ನ ತಾಯಿಯ ಬಾಯಲ್ಲಿ ಸಂತೋಷ ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ಮೊದಲು ಪಕ್ಕದ ಮನೆಯ ವರಲಕ್ಷ್ಮಮ್ಮನಿಗೆ ಹೇಳಿದಳು. "ನಮ್ ಏಕಾದಶೀಲಿ ಹಣ್ಣು ಹಾಲು ಉಂಟು ಕಣ್ರೀ, ನಿಮ್ದು ಭಾರಿ ಕಷ್ಟ," ಎಂದು ಆಕೆ ಕೆನ್ನೆ ಬಡಿದುಕೊಂಡರು. ಭಾನುವಾರದ ಹೊತ್ತಿಗೆ ಸುದ್ದಿ ಚರ್ಚಿನ ಪಾದ್ರಿ ದೇವಸಹಾಯ ಸ್ವಾಮಿಗಳನ್ನು ಮುಟ್ಟಿತ್ತು. ಅವರು ಪೂಜೆಯ ನಡುವೆ ಪ್ರಸಂಗದಲ್ಲಿ ಹೆಸರು ಹೇಳದೆ, ಆದರೆ ನಮ್ಮ ಬೆಂಚಿನ ಕಡೆಯೇ ನೋಡುತ್ತಾ, "ನಿಮ್ಮೊಳಗೊಬ್ಬ ಕಾರ್ಮಿಕ ಯಂತ್ರದ ಮುಂದೆ ಹನಿ ನೀರಿಲ್ಲದೆ ದುಡಿಯುತ್ತಿದ್ದಾನೆ, ನಿಮಗೆ ಹತ್ತು ಗಂಟೆಗೆ ಬೋಂಡ ಬೇಕು," ಎಂದರು. ಆ ಕಾರ್ಮಿಕ ಪೂಜೆಗೇ ಬಂದಿಲ್ಲವಲ್ಲ ಎಂದು ಯಾರೂ ಕೇಳಲಿಲ್ಲ. ವರ್ಷಗಳಿಂದ ಬಾರದವನು; ಆ ಜಾಗ ಖಾಲಿಯಿರುವುದು ಎಲ್ಲರಿಗೂ ರೂಢಿಯಾಗಿತ್ತು.

ಮುಂದಿನ ಎರಡು ಭಾನುವಾರವೂ ಅದೇ ಪ್ರಸಂಗ, ಹೆಚ್ಚು ಖಾರವಾಗಿ. ಜನ ನಾಚಿಕೊಂಡರು. ಪಾಪನಿವೇದನೆಗೆ ಸಾಲು ಉದ್ದವಾಯಿತು. ಚರ್ಚಿನ ಸಂಘದ ಮುಖಂಡ ಚೌರಪ್ಪ ತಾನೂ ನೀರು ಬಿಡುತ್ತೇನೆಂದು ಹೊರಟು, ಶಿಲುಬೆ ಹಾದಿಯ ಪ್ರಾರ್ಥನೆಯಲ್ಲಿ ತಲೆ ತಿರುಗಿ ಬಿದ್ದು, ಎಳನೀರು ಕುಡಿದು ಎದ್ದ. ನಾನು ಬೆಂಚಿನ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ.

ಅಣ್ಣನಿಗೆ ಇದನ್ನು ಸಹಿಸಲಾಗಲಿಲ್ಲ. ಒಂದು ಸಂಜೆ ಅಮ್ಮನ ಎದುರಿಗೆ ಕೂತ.

"ಅಮ್ಮ, ಇದು ನೀನಂದ್ಕೊಂಡಿರೋ ಉಪವಾಸ ಅಲ್ಲ."

"ಉಪವಾಸ ಮಾಡೋನು ಅಂಗೇ ಅನ್ನಬೇಕು. ಮುಖ ಸಪ್ಪಗೆ ಮಾಡ್ಕೊಂಡು ಜನಕ್ಕೆ ತೋರಿಸ್ಬಾರ್ದು ಅಂತ ಸ್ವಾಮಿಗಳೇ ಓದಿದ್ರು."

"ಅಯ್ಯೋ, ನಾನು ನಿಜವಾಗ್ಲೂ ಹೇಳ್ತಿದೀನಿ."

"ಗೊತ್ತು ಮಗ, ಗೊತ್ತು," ಎಂದು ಅವಳು ಅವನ ತಲೆ ಸವರಿ, ಆ ವಿನಯದ ಕಥೆಯನ್ನೂ ಹೇಳಿಬರಲು ವರಲಕ್ಷ್ಮಮ್ಮನ ಮನೆಗೆ ಹೋದಳು.

ಗುಡ್ ಫ್ರೈಡೆಗೆ ಇನ್ನೂ ಎರಡು ವಾರ ಇರುವಾಗ ರಂಜಾನ್ ಹಬ್ಬ ಬಂತು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಷರ್ಟು ತೊಟ್ಟು ಬೆಳಿಗ್ಗೆಯೇ ಹೋದ. ಖಾದರ್ ಬಾಷಾನ ತಾಯಿ ಜೈನಾಬ್ ಅವರು, ಹೊಸದಾಗಿ ಬಂದ ಮಗ ಎಂದು, ಅವನನ್ನು ಜಗಲಿಯಲ್ಲೇ ಕೂರಿಸಿ ತಟ್ಟೆ ತುಂಬ ಬಿರಿಯಾನಿ ಬಡಿಸಿದ್ದರಂತೆ. ಅದೇ ಹೊತ್ತಿಗೆ ಯಶವಂತಪುರದ ಸಂತೆಯಿಂದ ಹಿಂದಿರುಗುತ್ತಿದ್ದ ಚೌರಪ್ಪ ಆ ಬೀದಿಯಲ್ಲಿ ಹಾದುಹೋಗಿದ್ದ.

ಮಾರನೆಯ ಮಧ್ಯಾಹ್ನ ದೇವಸಹಾಯ ಸ್ವಾಮಿಗಳು ನಮ್ಮ ಮನೆಗೆ ಬಂದರು. ಅಮ್ಮ ಸಂಭ್ರಮದಿಂದ ಕುರ್ಚಿ ಒರೆಸಿ ಕಾಫಿಗೆಂದು ಒಳಗೆ ಹೋದಳು. ಅಣ್ಣ ಅವರೆದುರು ನೆಲದ ಮೇಲೆ ಕೂತ, ನಾನು ನಡುಮನೆಯ ಬಾಗಿಲಲ್ಲಿ ನಿಂತೆ.

"ಚೌರಪ್ಪ ಏನೋ ಹೇಳ್ದ," ಎಂದರು ಸ್ವಾಮಿಗಳು. "ತಪಸ್ಸುಕಾಲದಲ್ಲಿ ಬಿರಿಯಾನಿ ಅಂತೆ."

"ಹೌದು ಸ್ವಾಮಿ. ಎರಡು ಸಲ ಹಾಕಿಸ್ಕೊಂಡೆ."

"ಇಷ್ಟು ದಿನ ತಡ್ಕೊಂಡೋನು ಇನ್ನೆರಡು ವಾರ ತಡ್ಕೊಂಡು ಉಪವಾಸ ಮುರೀದೆ ಇರಬಹುದಾಗಿತ್ತಲ್ಲಪ್ಪಾ!"

"ಮುರೀಲಿಲ್ಲ ಸ್ವಾಮಿ. ನನ್ನ ಉಪವಾಸ ಮುಗೀತು. ನಾನು ಮುಸ್ಲಿಮನಾಗಿದೀನಿ."

ಸ್ವಾಮಿಗಳು ಕನ್ನಡಕ ತೆಗೆದು ನಿಲುವಂಗಿಯ ತುದಿಯಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. "ಮೂರು ಪ್ರಸಂಗ ಮಾಡಿದ್ನಲ್ಲೋ ನಿನ್ನ ಮೇಲೆ," ಎಂದರು ಕೊನೆಗೆ.

"ಕೇಳ್ದೆ ಸ್ವಾಮಿ. ನಾಚ್ಕೆ ಆಯ್ತು."

"ನಾಚ್ಕೆ ನಿಂಗಾ?" ಎಂದವರು, ದನಿ ಇಳಿಸಿದರು. "ನಮ್ಮ ಹತ್ರ ಏನಪ್ಪಾ ಕಮ್ಮಿ ಇತ್ತು?"

"ಏನೂ ಕಮ್ಮಿ ಇರ್ಲಿಲ್ಲ. ಅಲ್ಲಿ ನಾನೇ ಇರ್ಲಿಲ್ಲ. ಇಲ್ಲಿ ಇದೀನಿ."

"ಯೇಸುಸ್ವಾಮೀನ ಬಿಟ್ಟುಬಿಟ್ಟೆ."

"ಬಿಟ್ಟಿಲ್ಲ. ದೊಡ್ಡ ಪ್ರವಾದಿ ಅಂತೀವಿ. ದೇವರು ಅನ್ನಲ್ಲ, ಅಷ್ಟೇ."

"ಅಷ್ಟೇ ಅಂತಾನಲ್ಲಮ್ಮಾ!" ಎಂದು ಸ್ವಾಮಿಗಳು ನನ್ನತ್ತ ತಿರುಗಿದರು, ಪಾಠ ಹೇಳುವವಳು ಇದನ್ನು ತಿದ್ದಬೇಕೆಂಬಂತೆ. ನಾನು ನೆಲ ನೋಡಿದೆ.

ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಪಿಸುಮಾತಿನಲ್ಲಿ ಒಂದು ದಾರಿ ಹುಡುಕಿದರು. "ನೋಡು ಇನ್ನಾಸಿ, ಈಗ ಹೇಳಿದ್ದನ್ನ ಪಾಪನಿವೇದನೆ ಅಂತ ಹೇಳು. ಆಮೇಲೆ ನಾನು ಪ್ರಾಣ ಹೋದ್ರೂ ಯಾರಿಗೂ ಹೇಳೋ ಹಾಗಿಲ್ಲ. ನಿಂಗೂ ಒಳ್ಳೇದು, ನಂಗೂ ಒಳ್ಳೇದು."

ಅಣ್ಣ ನಿಜವಾಗಿಯೂ ಯೋಚಿಸಿದ. "ಆಗಲ್ಲ ಸ್ವಾಮಿ," ಎಂದ. "ಇದು ಪಾಪ ಅಲ್ಲವಲ್ಲ."

ಹಿಂದೆ ಲೋಟದ ಸದ್ದಾಯಿತು. ಅಮ್ಮ ಕಾಫಿ ಹಿಡಿದು ನನ್ನ ಬೆನ್ನಿಗೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಕಾಫಿಯ ಮೇಲೆ ಕೆನೆ ಕಟ್ಟಿತ್ತು.

"ಯಾವಾಗಿಂದ್ಲೋ?" ಎಂದಳು.

"ಕ್ರಿಸ್‌ಮಸ್‌ಗೆ ಮುಂಚೆಯಿಂದ, ಅಮ್ಮ."

"ಅಂದ್ರೆ ಕುಡಿಯೋದು ಬಿಟ್ಟಾಗಿಂದ."

"ಅದಕ್ಕೇ ಬಿಟ್ಟಿದ್ದು."

ಅವಳು ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಕೈ ಚಾಚಿ ನಿಂತಿದ್ದೆ. ಅವಳು ಲೋಟವನ್ನು ಸ್ವಾಮಿಗಳ ಕೈಗೆ ಕೊಟ್ಟು ಗೋಡೆಗೊರಗಿ ಕೂತಳು.

"ಎದೆಗುಂದಬೇಡಿ ಆರೋಗ್ಯಮ್ಮ," ಎಂದರು ಸ್ವಾಮಿಗಳು. "ನಾನಾಗಿ ಬಾಯಿ ಬಿಡೋದಿಲ್ಲ. ಗುರುವಾರ ಸಂಘದಲ್ಲಿ ನೀವೇ ಹೇಳಿ. ಎಲ್ಲರೂ ಸೇರಿ ಇವನಿಗೋಸ್ಕರ ಒಂಬತ್ತು ದಿನದ ಪ್ರಾರ್ಥನೆ ಇಡೋಣ. ಹಳೇ ಇನ್ನಾಸಿ ನಮಗೆ ವಾಪಸ್ ಸಿಗ್ತಾನೆ, ನೋಡ್ತಿರಿ."

ಅಮ್ಮ ತಲೆಯೆತ್ತಿ ಅವರನ್ನು ನೋಡಿದಳು. ಸ್ವಾಮಿಗಳು ಕಾಫಿ ಮುಗಿಸಿ, ಅಣ್ಣನ ಹೆಗಲು ತಟ್ಟಿ ಹೊರಟರು. ಅಣ್ಣ ಅಮ್ಮನ ಹತ್ತಿರ ಕೂತು, "ನಿಂಗೆ ನಾನೇ ಹೇಳ್ಬೇಕು ಅಂತಿತ್ತು, ಅಮ್ಮ. ಹೇಳಿದ್ದಾಯ್ತು. ನೀನು ಮನೆ ಬಿಡು ಅಂದ್ರೆ ಬಿಡ್ತೀನಿ, ಇದನ್ನ ಮಾತ್ರ ಬಿಡಲ್ಲ," ಎಂದ. ಅಮ್ಮ ಅವನ ಅಂಗೈಯನ್ನು ತಿರುಗಿಸಿ ನೋಡಿ, "ಹೊತ್ತಾಯ್ತೇನೋ, ಓಗು," ಎಂದಳು. ಅವನು ನಮಾಜಿಗೆ ಹೋದ.

ನಾವಿಬ್ಬರೇ ಉಳಿದೆವು. ಅಮ್ಮ ಸ್ವಾಮಿಗಳ ಖಾಲಿ ಲೋಟವನ್ನು ತನ್ನ ಕಡೆ ಎಳೆದುಕೊಂಡಳು.

"ಒಂಬತ್ತು ದಿನದ ಪ್ರಾರ್ಥನೆ ಫಲಿಸ್ತದೆ ಅಲ್ವೇನೆ, ರೀತಾ?"

"ಫಲಿಸುತ್ತೆ ಅಂತಾರೆ, ಅಮ್ಮ."

"ಅಂತಾರೆ ಏನು ಬಂತು. ಊರೆಲ್ಲ ಸೇರಿ ಕೇಳಿದ್ರೆ ಫಲಿಸೇ ಫಲಿಸ್ತದೆ." ಅವಳ ಕಣ್ಣಲ್ಲಿ ನನ್ನ ಭಯವೇ ಕಂಡಿತು. "ಹಳೇ ಇನ್ನಾಸಿ ವಾಪಸ್ ಬರ್ತಾನೆ ಅಂದ್ರಲ್ಲ ಸ್ವಾಮಿಗಳು. ಅವನು ಬಂದುಬಿಟ್ರೆ ಏನೇ ಗತಿ?"

ಅಮ್ಮ ಎದ್ದು ಸೀರೆ ಕೊಡವಿಕೊಂಡಳು. ಬೀದಿಯ ಕಡೆ ತೆರೆದಿದ್ದ ಬಾಗಿಲನ್ನು ಮುಂದಕ್ಕೆ ಎಳೆದಳು. ಹಗಲು ಹೊತ್ತಿನಲ್ಲಿ ಅವಳು ಆ ಬಾಗಿಲು ಮುಚ್ಚಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ಯಾರಿಗೂ ಬೇಡ," ಎಂದಳು. "ಸಂಘಕ್ಕೂ ಬೇಡ, ವರಲಕ್ಷ್ಮಮ್ಮಂಗೂ ಬೇಡ."

"ಜಪ ಮಾಡೋವಾಗ ಮಾತೆ ಮರಿಯಮ್ಮಂಗಾದ್ರೂ ಹೇಳ್ಕೋತೀಯಲ್ಲ?"

"ಆಯಮ್ಮಂಗೇ ಮೊದ್ಲು ಏಳ್ಬಾರ್ದು," ಎಂದಳು ಅಮ್ಮ. "ಕೇಳಿದ್ನ ಕೊಟ್ಟುಬಿಡ್ತಾಳೆ."