ಬಾಗಿಲಿಗೆ ಅಡ್ಡ ಮಲಗಿದ ಬಂಡೆ

ವೆಲ್ಡರ್ ಆ ನಾಯಿಮರಿಯನ್ನು ಕೈಚೀಲದಲ್ಲಿ ಹಾಕಿಕೊಂಡು ತಂದಾಗ ಅದು ಬೆಕ್ಕಿಗಿಂತ ಸ್ವಲ್ಪ ದೊಡ್ಡದಿತ್ತು. ಬೆಟ್ಟದ ಮೇಲೆ ತೋಳಗಳಿಂದ ಕುರಿಮಂದೆ ಕಾಯುವ ಜಾತಿ, ಬೆಳೆದರೆ ಕರುವಿನಷ್ಟಾಗುತ್ತದೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದ. ಅವನ ಹೆಂಡತಿ ಮೊದಲ ಮಹಡಿಯ ಎರಡು ಕೋಣೆಯ ಮನೆಯನ್ನೊಮ್ಮೆ, ಮರಿಯ ಪಂಜವನ್ನೊಮ್ಮೆ ನೋಡಿದಳು.

"ಇದನ್ನ ನೋಡ್ಕೊಳ್ಳೋರು ಯಾರು?"

"ಯಾಕೆ, ನಾನಿಲ್ವಾ?"

ಅವನು ಇದ್ದದ್ದು ಒಂದು ವಾರ. ಆಮೇಲೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡಿ ಬರುತ್ತಿದ್ದ ಹೆಂಡತಿಯೇ ಬಕೆಟ್ಟಿನಲ್ಲಿ ಅದಕ್ಕೆ ಊಟ ಕಲಸಿದಳು, ಉದುರಿದ ಕೂದಲು ಗುಡಿಸಿದಳು, ಗೋಡೆಗೆ ಸಿಡಿದ ಜೊಲ್ಲು ಒರೆಸಿದಳು. ಬೆಳಿಗ್ಗೆ ಯಾರು ಯಾರನ್ನು ಸುತ್ತಾಡಿಸುತ್ತಿದ್ದಾರೆ ಎಂದು ಬೀದಿಯವರು ನಗುತ್ತಿದ್ದರು. ಎರಡು ವರ್ಷಕ್ಕೆ ಅದು ಎಪ್ಪತ್ತು ಕಿಲೋ ತೂಗಿತು. ಕೂತರೆ ಎಬ್ಬಿಸುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ಬಂಡೆ ಎಂಬ ಹೆಸರು ತಾನಾಗಿಯೇ ಅಂಟಿಕೊಂಡಿತು.

ಸಂಜೆ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಮೂಸಿ, ಎಲ್ಲರೂ ಒಳಗಿದ್ದಾರೆ ಎಂದು ಖಾತ್ರಿಯಾದ ಮೇಲೆ ಬಾಗಿಲಿಗೆ ಅಡ್ಡ ಮಲಗುತ್ತಿತ್ತು. ಅವಳು ಬರುವುದು ತಡವಾದರೆ ಊಟ ಮುಟ್ಟುತ್ತಿರಲಿಲ್ಲ.

"ಕಟ್ಕೊಂಡ ಗಂಡ ಬಂದ್ಯಾ ಅಂತ ಕೇಳಲ್ಲ, ಇದಾದ್ರೂ ಕೇಳುತ್ತೆ ನೋಡಿ ಅತ್ತೆ," ಎಂದು ಅವಳೊಮ್ಮೆ ತಮಾಷೆ ಮಾಡಿದಳು. ಅತ್ತೆ ನಗಲಿಲ್ಲ.

ಒಂದು ಸಂಜೆ ಅವಳು ಚಪ್ಪಲಿ ಬಿಡುತ್ತಿದ್ದಂತೆ ಬಂಡೆ ಒಳಕೋಣೆಯಿಂದ ಹಾರಿ ಬಂತು. ಇಕ್ಕಟ್ಟಾದ ನಡುಮನೆಯಲ್ಲಿ ಅತ್ತೆ ಬಚ್ಚಲಿನಿಂದ ಹೊರಬರುತ್ತಿದ್ದರು. ಬಂಡೆ ಡಿಕ್ಕಿ ಹೊಡೆದ ರಭಸಕ್ಕೆ ಅವರು ಬಿದ್ದು ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಿಂದ ಬಂದ ಅತ್ತೆ ಮಲಗಿದಲ್ಲಿಂದಲೇ ಮಗನನ್ನು ಕರೆದರು. "ಅದಿರ್ಬೇಕು, ಇಲ್ಲ ನಾನಿರ್ಬೇಕು. ನೀನೇ ತೀರ್ಮಾನ ಮಾಡಪ್ಪ."

ಕಲ್ಲಿನ ಕ್ವಾರಿಯೊಂದರ ಮ್ಯಾನೇಜರ್ ವೆಲ್ಡರ್‌ಗೆ ಪರಿಚಯ. ಅಲ್ಲಿಗೆ ಕಾವಲುನಾಯಿ ಬೇಕಿತ್ತು. ವ್ಯಾನ್ ಬಂದ ದಿನ ಇಬ್ಬರು ಹಗ್ಗ ಹಿಡಿದು ಎಳೆದರು, ಒಬ್ಬ ಹಿಂದಿನಿಂದ ನೂಕಿದ. ಬಂಡೆ ಜಪ್ಪಯ್ಯ ಅನ್ನಲಿಲ್ಲ.

"ನೀನು ಹತ್ತು," ಎಂದ ಗಂಡ. "ನೀನು ಹತ್ತಿದ್ರೆ ಅದೂ ಹತ್ತುತ್ತೆ."

"ನನ್ ಕೈಲಾಗಲ್ಲ ರೀ."

"ತಲೆ ಮೇಲೆ ಕೂರಿಸ್ಕೊಂಡೋಳು ನೀನೇ ತಾನೆ? ಅಮ್ಮ ಹಾಸಿಗೆ ಹಿಡಿದಿರೋದು ಯಾರಿಂದ?"

ಅವಳು ಹತ್ತಿದಳು. ಹಿಂದೆಯೇ ಬಂಡೆಯೂ ಹತ್ತಿ ಅವಳ ತೊಡೆಯ ಮೇಲೆ ತಲೆಯಿಟ್ಟಿತು. ತಲೆಯನ್ನು ಮೆಲ್ಲಗೆ ಸರಿಸಿ ಅವಳು ಪಕ್ಕದ ಬಾಗಿಲಿನಿಂದ ಇಳಿದಳು. ಎರಡೂ ಬಾಗಿಲು ಒಟ್ಟಿಗೆ ಮುಚ್ಚಿಕೊಂಡವು.

ಹನ್ನೊಂದು ದಿನ ಕಳೆದವು. ಆ ಬೆಳಿಗ್ಗೆ ಕೆಲಸಕ್ಕೆ ಹೊರಟ ಅವಳು ಬಾಗಿಲು ತಳ್ಳಿದರೆ ಅದು ನಾಲ್ಕು ಬೆರಳಿನಷ್ಟು ಹೊರಕ್ಕೆ ಸರಿದು ನಿಂತಿತು. ಸಂದಿಯಲ್ಲಿ ಧೂಳು ಮೆತ್ತಿದ ಬೆನ್ನು. ಕುತ್ತಿಗೆಯ ಸುತ್ತ ಸರಪಳಿ ಕೊಯ್ದ ಗಾಯ.

"ಬಂಡೆ," ಎಂದಳು. ಬಾಲ ಎರಡು ಸಲ ನೆಲಕ್ಕೆ ಬಡಿಯಿತು. ಆದರೆ ಅದು ಏಳಲಿಲ್ಲ.

ಗಂಡ ಬೈದ, ಭುಜ ಕೊಟ್ಟು ತಳ್ಳಿದ, ಸಂದಿಯಲ್ಲಿ ಪೊರಕೆಯ ಹಿಡಿ ತೂರಿಸಿ ತಿವಿದ. ಅವಳು ಬೆರಳು ಚಾಚಿದಾಗ ಬಂಡೆ ನೆಕ್ಕಿತು.

"ಒಳಗೆ ಬಿಟ್ಟೀಯೆ, ಹುಷಾರು!" ಹಾಸಿಗೆಯಿಂದ ಅತ್ತೆ ಕೂಗಿದರು.

ವೆಲ್ಡರ್ ಒಲೆಯ ಮೇಲೆ ನೀರಿಟ್ಟ. ಕುದಿ ಬಂದ ಮೇಲೆ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ತಂದು ಅವಳ ಮುಂದೆ ಚಾಚಿದ.

"ನೀವೇ ಹಾಕಿ," ಎಂದಳು.

"ನಾನು ಹಾಕಿದ್ರೆ ನಾಳೆ ಮತ್ತೆ ಬರುತ್ತೆ. ನೀನು ಹಾಕಿದ್ರೆ ಬರಲ್ಲ."

ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಇನ್ನೊಂದು ಸಲ ತಡವಾದರೆ ಬರಲೇಬೇಡ ಎಂದು ಲಾಂಡ್ರಿಯ ಯಜಮಾನಿ ಹೇಳಿಯಾಗಿತ್ತು. ಇದಲ್ಲದೆ ಇನ್ನೊಂದು ವಿಷಯವೂ ಇತ್ತು, ಅದನ್ನು ಅವಳು ಯಾರೊಂದಿಗೂ ಬಾಯಿಬಿಟ್ಟಿರಲಿಲ್ಲ. ಈ ಹನ್ನೊಂದು ದಿನ ಅವಳ ತೋಳು ನೋಯಲಿಲ್ಲ. ಕೂದಲು ಗುಡಿಸುವುದಿರಲಿಲ್ಲ. ಅವಳು ಕಣ್ತುಂಬ ನಿದ್ದೆ ಮಾಡಿದ್ದಳು.

ಪಾತ್ರೆ ತೆಗೆದುಕೊಂಡು ಸುರಿದಳು.

ಬಂಡೆ ಕೂಗಲಿಲ್ಲ. ತಲೆ ತಿರುಗಿಸಿ, ನೀರು ಸುರಿದವರು ಯಾರೆಂದು ಸಂದಿಯಲ್ಲಿ ನೋಡಿತು. ಅವಳ ಮುಖ ಕಂಡಾಗ ಬಾಲ ಅಲ್ಲಾಡಿಸಿತು. ಪಾತ್ರೆಯಲ್ಲಿ ಇನ್ನೂ ಅರ್ಧ ನೀರಿತ್ತು. ಅದನ್ನೂ ಸುರಿದಳು. ಆಗ ಕೂಗಿತು. ಅಷ್ಟು ದೊಡ್ಡ ಮೈಯಿಂದ ಹೊರಟದ್ದು ಮರಿಯೊಂದರ ಕುಂಯಿ ದನಿ. ಮೆಟ್ಟಿಲ ಮೇಲೆ ಮುಗ್ಗರಿಸುತ್ತ, ಉರುಳುತ್ತ ಇಳಿಯಿತು.

ಬಾಗಿಲು ಸರಾಗವಾಗಿ ತೆರೆಯಿತು. ಅವಳು ಸರಿಯಾದ ಹೊತ್ತಿಗೆ ಕೆಲಸಕ್ಕೆ ಹೋದಳು. ಮಧ್ಯಾಹ್ನ ಕ್ವಾರಿಯವರು ಬಂದು ಬೀದಿ ಕೊನೆಯಲ್ಲಿ ಕೂತಿದ್ದ ಬಂಡೆಯನ್ನು ವ್ಯಾನಿಗೆ ಹತ್ತಿಸಿದರಂತೆ. ಈ ಸಲ ಯಾರೂ ಎಳೆಯಬೇಕಾಗಲಿಲ್ಲವಂತೆ.

ಒಂದೆರಡು ತಿಂಗಳಾದ ಮೇಲೆ ಊಟದ ಹೊತ್ತಿಗೆ ವೆಲ್ಡರ್‌ಗೆ ಫೋನ್ ಬಂತು. ಮಾತು ಮುಗಿಸಿ, ನಗುತ್ತಲೇ ತಟ್ಟೆಯ ಮುಂದೆ ಕೂತ.

"ಮ್ಯಾನೇಜರ್ ಥ್ಯಾಂಕ್ಸ್ ಹೇಳ್ದ. ಈಗ ಕಾವಲು ಅಂದ್ರೆ ಕಾವಲಂತೆ! ಕೆಲಸದ ಗಂಡಸರ ತಂಟೆಗೆ ಹೋಗಲ್ವಂತೆ, ಹೆಂಗಸರು ಕಂಡ್ರೆ ಮಾತ್ರ ಬಿಡಲ್ವಂತೆ. ಕಸ ಗುಡಿಸೋಳ ಕೈ ಹರಿದು ಹಾಕಿದೆ."

ಅವಳ ಕೈಯಲ್ಲಿದ್ದ ಸೌಟು ನಿಂತಿತು. "ಈಗ ಹೇಗಿದಾಳೆ?"

"ಯಾರು?"

"ಗುಡಿಸೋಳು."

"ನಂಗೇನ್ ಗೊತ್ತು? ಆ ಕೆಲಸಕ್ಕೆ ಗಂಡಸನ್ನ ಇಟ್ಕೊಂಡ್ರಂತೆ."

"ಸದ್ಯ, ನಮ್ಮನೇಲಾಗ್ಲಿಲ್ಲ," ಎಂದು ಅತ್ತೆ ತಟ್ಟೆ ಮುಂದಕ್ಕೆ ತಳ್ಳಿದರು.

ಅವಳು ಬಡಿಸಿದಳು.