ಅತ್ತೆ ಸೇರಿಸಿದ ನಿಯಮ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ವಿದ್ಯಾರ್ಥಿಗಳು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಪ್ರೋಗ್ರಾಮಿಂಗ್ ಕಲಿಸುವವಳು ಮೆತ್ತಗಾದರೆ ಇಡೀ ತರಗತಿ ಒಬ್ಬರದನ್ನೇ ನಕಲು ಹೊಡೆದು ಕೈ ತೊಳೆದುಕೊಳ್ಳುತ್ತದೆ. ನನ್ನ ನಿಯಮ ಸರಳ. ಬಾಯಲ್ಲಿ ಎಷ್ಟು ಬೇಕಾದರೂ ಚರ್ಚಿಸಿ, ಕೋಡ್ ಮಾತ್ರ ನೀವೇ ಬರೆಯಿರಿ. ಯಾರ ಜೊತೆ ಚರ್ಚಿಸಿದಿರಿ ಎಂದು ಫೈಲಿನ ಮೊದಲ ಸಾಲಿನಲ್ಲಿ ಹೇಳಿ.

ಆ ವಾರದ ಕೆಲಸ ಆಸ್ಪತ್ರೆಯ ಸರದಿ: ರೋಗಿಗಳನ್ನು ಬಂದ ಕ್ರಮದಲ್ಲೇ ಕರೆಯುವ ಪ್ರೋಗ್ರಾಂ. ನನ್ನ ಸಂಜೆ ತರಗತಿಯಲ್ಲಿ ಒಂದೇ ಮನೆಯ ಅತ್ತಿಗೆ-ನಾದಿನಿ ಇದ್ದರು. ಇಬ್ಬರ ಪ್ರೋಗ್ರಾಮಿನಲ್ಲೂ ಅರವತ್ತು ದಾಟಿದವರು ಸರದಿ ಮುರಿದು ಮುಂದೆ ಬರುತ್ತಿದ್ದರು. ಪ್ರಶ್ನೆಯಲ್ಲಿ ಅಂಥ ಮಾತೇ ಇಲ್ಲ, ಬೇರೆ ಯಾರೂ ಹಾಗೆ ಬರೆದಿರಲೂ ಇಲ್ಲ. ಮೊದಲ ಸಾಲಿನಲ್ಲಿ ಮಾತ್ರ ಇಬ್ಬರದೂ ‘ಯಾರ ಜೊತೆಗೂ ಚರ್ಚಿಸಿಲ್ಲ.’

ನಕಲು ಎಂದು ವರದಿ ಕಳಿಸಿದರೆ ಇಬ್ಬರೂ ಫೇಲು. ಅತ್ತಿಗೆ ಹೇಗೋ ಮುಂದಿನ ವರ್ಷ ಬರೆದಾಳು. ನಾದಿನಿಗಾಗಿ ಒಂದು ಆಫೀಸಿನಲ್ಲಿ ಕೆಲಸ ಕಾದಿತ್ತು, ಈ ಸಲ ಪಾಸಾದರೆ ಮಾತ್ರ. ಅದು ಗೊತ್ತಿದ್ದರಿಂದಲೇ ನನಗೆ ಇನ್ನಷ್ಟು ಉರಿಯಿತು.

ಇಬ್ಬರನ್ನೂ ನನ್ನ ಕೋಣೆಗೆ ಕರೆದೆ. ನಾದಿನಿ ಕಿಟಕಿ ನೋಡುತ್ತಾ ನಿಂತಳು, ಅತ್ತಿಗೆ ಕಪಾಟು ನೋಡುತ್ತಾ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಲ್ಲ? ಇವರು ಮಿಸುಕಲೇ ಇಲ್ಲ.

“ಯಾರದನ್ನ ಯಾರು ನೋಡಿ ಬರೆದಿದ್ದು?”

“ಅತ್ತಿಗೆ ಹತ್ರ ನಾನು ಮಾತೇ ಬಿಟ್ಟಿದ್ದೀನಿ ಮೇಡಂ,” ಎಂದಳು ನಾದಿನಿ. “ಇನ್ನು ನೋಡಿ ಬರೆಯೋದೆಲ್ಲಿ?”

“ನನ್ನ ಬಿಳಿ ಶರ್ಟನ್ನ ಅವಳ ನೀಲಿ ಪ್ಯಾಂಟಿನ ಜೊತೆ ಮಶೀನಿಗೆ ಹಾಕಿ ನೀಲಿ ಮಾಡಿಟ್ಲು,” ಅತ್ತಿಗೆ ಕಪಾಟಿಗೆ ದೂರು ಹೇಳಿದಳು. “ಅವತ್ತಿಂದ ನಾನೂ ಮಾತಾಡ್ಸಿಲ್ಲ.”

“ಹಾಗಾದ್ರೆ ಈ ಅರವತ್ತು ವರ್ಷದ ನಿಯಮ ಎಲ್ಲಿಂದ ಬಂತು?”

“ಅತ್ತೆ ಬಂದು ಹೇಳಿದ್ರು,” ಎಂದಳು ಅತ್ತಿಗೆ.

“ಅಮ್ಮ ಬಂದು ಹೇಳಿದ್ಲು,” ಎಂದಳು ನಾದಿನಿ, ಅದೇ ಉಸಿರಿಗೆ. ಆಗಲೇ ಇಬ್ಬರೂ ಮುಖ ಮುಖ ನೋಡಿಕೊಂಡದ್ದು.

ವಿಷಯ ಇಷ್ಟು. ಅತ್ತಿಗೆ ಅಡುಗೆಮನೆಯಲ್ಲಿ, ನಾದಿನಿ ಕೋಣೆಯಲ್ಲಿ. ಮಾತು ಹೊತ್ತು ನಡುವೆ ಓಡಾಡುವುದು ಆ ತಾಯಿ. ಉಪ್ಪು ಮುಗಿದಿದೆ ಎನ್ನುವುದೂ ಅವರ ಬಾಯಿಂದಲೇ, ಹೊಸ ರೋಗಿಯನ್ನು ಸರದಿಗೆ ಸೇರಿಸುವುದು ಹೇಗೆ ಎನ್ನುವುದೂ ಅವರ ಬಾಯಿಂದಲೇ. ಮಾತು ಬಿಟ್ಟವರು ಚರ್ಚೆ ಮಾಡುವುದುಂಟೇ ಎಂದು ಇಬ್ಬರೂ ನಿಜವಾಗಿಯೇ ನಂಬಿದ್ದರು. ಅರವತ್ತರ ನಿಯಮವನ್ನು ಮತ್ತೊಬ್ಬಳು ತರಗತಿಯಲ್ಲಿ ನನ್ನ ಬಾಯಿಂದ ಕೇಳಿ ಹೇಳಿಕಳಿಸಿದ್ದಾಳೆ ಎಂದುಕೊಂಡಿದ್ದರು. ಹೋಗಿ ಕೇಳಲು ಬಿಗುಮಾನ.

ನನಗೆ ನಂಬಿಕೆ ಬರಲಿಲ್ಲ. ಅಲ್ಲೇ ಮನೆಗೆ ಫೋನ್ ಮಾಡಿಸಿ, ಸ್ಪೀಕರಿಗೆ ಹಾಕಿಸಿ ನಾನೇ ಕೇಳಿದೆ.

“ಹೌದಮ್ಮ, ನಾನೇ ಸೇರಿಸ್ದೆ,” ಎಂದರು ಆ ತಾಯಿ, ಕಿಂಚಿತ್ತೂ ಅಳುಕಿಲ್ಲದೆ. “ಮಂಡಿನೋವು ಇಟ್ಕೊಂಡು ಇವರಿಬ್ಬರ ನಡುವೆ ತಿರುಗೋಳು ನಾನು. ವಯಸ್ಸಾದವರನ್ನ ಸಾಲಿನ ಕೊನೇಲಿ ನಿಲ್ಲಿಸ್ತೀವಿ ಅಂದ್ರೆ ಸುಮ್ನಿರ್ಬೇಕಾ?”

ನಗು ತಡೆಯಲು ತುಟಿ ಕಚ್ಚಿಕೊಂಡೆ. ಹಾಗಂತ ನಗು ಬಂದ ಮಾತ್ರಕ್ಕೆ ಬಿಟ್ಟುಬಿಡುವವಳಲ್ಲ ನಾನು. ಇಬ್ಬರನ್ನೂ ಬೆನ್ನಿಗೆ ಬೆನ್ನು ಮಾಡಿ ಕಂಪ್ಯೂಟರಿನ ಮುಂದೆ ಕೂರಿಸಿದೆ. ಆ ನಿಯಮ ತೆಗೆಯಬೇಕು. ಕಾದು ಬೇಸತ್ತು ಎದ್ದುಹೋದ ರೋಗಿಯನ್ನು ಸರದಿಯಿಂದ ಕೈಬಿಡುವ ಹೊಸ ಭಾಗ ಬರೆಯಬೇಕು. ನಾದಿನಿ ಒಂದೇ ಸಾಲನ್ನು ಮೂರು ಸಲ ಬರೆದು ಅಳಿಸಿದಳು. ಅತ್ತಿಗೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು, ನನ್ನ ಮುಖ ಕಂಡು ಮುಚ್ಚಿದಳು.

ಇಬ್ಬರ ಪ್ರೋಗ್ರಾಮೂ ಸರಿಯಾಗಿ ಓಡಿತು. ಇಬ್ಬರು ಯೋಚಿಸಿದ ದಾರಿಯೂ ಬೇರೆ ಬೇರೆ. ನನಗೆ ಹೇಳಲಾರದಷ್ಟು ಸಂತೋಷವಾಯಿತು.

“ಇದು ನಕಲಲ್ಲ,” ಎಂದೆ. “ಆದ್ರೆ ಅತ್ತೆ ಬಾಯಿಂದ ಬಂದ್ರೂ ಚರ್ಚೆ ಚರ್ಚೆನೇ. ಮೊದಲ ಸಾಲು ತಪ್ಪು, ಅದಕ್ಕೆ ಅಂಕ ಕಟ್. ಪಾಸಾಗೋಕೆ ಅಡ್ಡಿಯಿಲ್ಲ.”

ನಾದಿನಿ ಅಳುತ್ತಲೇ ನಕ್ಕಳು. ಅತ್ತಿಗೆ ತನ್ನ ಕರವಸ್ತ್ರ ಮುಂದೆ ಹಿಡಿದಳು. ಅದರ ಅಂಚೂ ನೀಲಿಯಾಗಿತ್ತು.

ಮುಂದಿನ ವಾರ ನಾನು ಮೊದಲು ತೆರೆದದ್ದು ನಾದಿನಿಯ ಫೈಲನ್ನೇ. ಮೊದಲ ಸಾಲಿನಲ್ಲಿ ಹೀಗಿತ್ತು: ‘ಅತ್ತಿಗೆ ಜೊತೆ ಚರ್ಚಿಸಿದ್ದೇನೆ. ಅಮ್ಮ ಕೂತಲ್ಲಿಂದ ಏಳಬೇಕಾಗಲಿಲ್ಲ.’